ಅಂಕಯ್ಯನ ಸೊಂಟದ ಪಿಸ್ತೂಲು

ಹುಣಸೇಕೊಪ್ಪಲಿನ ಅಂಕಯ್ಯ ಸ್ನಾನಕ್ಕೆ ಇಳಿದಾಗ ಮತ್ತು ನಿದ್ದೆಗೆ ಬಿದ್ದಾಗ ಬಿಟ್ಟರೆ ಉಳಿದ ಹೊತ್ತೆಲ್ಲ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡೇ ಇರುತ್ತಿದ್ದ. ಲೈಸೆನ್ಸಿನ ಪುಸ್ತಕದಲ್ಲಿ ಅದನ್ನು ರಿವಾಲ್ವರ್ ಎಂದು ಬರೆದಿದ್ದರು, ಅದು ಇದ್ದದ್ದೂ ರಿವಾಲ್ವರೇ. ಊರಿನವರಿಗೆ ಅದೆಲ್ಲ ಯಾಕೆ ಬೇಕು? ಪಿಸ್ತೂಲು ಅಂದರು, ಅವನಿಗೆ ಪಿಸ್ತೂಲ್ ಅಂಕಯ್ಯ ಅಂತ ಹೆಸರಿಟ್ಟರು, ಮುಗಿಯಿತು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ, ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಒಯ್ಯುವಾಗ, ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಾಗ, ಕ್ಷೌರಕ್ಕೆ ತಲೆ ಬಗ್ಗಿಸಿದಾಗ, ಎಲ್ಲ ಕಡೆಯೂ ಅಂಗಿಯ ಎಡಗಡೆಯಲ್ಲಿ ಒಂದು ಉಬ್ಬು. ಊಟ ಮಾಡದ ಮಕ್ಕಳನ್ನು ಹೆದರಿಸಲು ಊರಿನ ಹೆಂಗಸರು ಆ ಉಬ್ಬನ್ನೇ ತೋರಿಸುತ್ತಿದ್ದರು.

ಅದು ಅವನ ಅಪ್ಪ ಪಟೇಲ್ ವೆಂಕಟಯ್ಯನ ಕಾಲದ್ದು. ಬ್ರಿಟಿಷರು ಗಂಟುಮೂಟೆ ಕಟ್ಟಿಕೊಂಡು ಹೊರಟಾಗ ಬೆಂಗಳೂರಿನ ದಂಡಿನಲ್ಲಿ ಯಾರೋ ದೊರೆಯ ಕೈಯಿಂದ ಕೊಂಡದ್ದು ಎಂದು ಪಟೇಲ ಹೇಳುತ್ತಿದ್ದ. ನಡು ಮುರಿಯುವ ಜಾತಿ. ಹಿಂದಿನ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತಿತ್ತು, ಆರು ಗುಂಡುಗಳೂ ಒಟ್ಟಿಗೆ ಮೇಲೆದ್ದು ಬರುತ್ತಿದ್ದವು. ನಳಿಗೆಯನ್ನು ಎತ್ತಿ ಕೂರಿಸಿದರೆ ಟಕ್ ಎಂದು ಮುಚ್ಚಿಕೊಳ್ಳುತ್ತಿತ್ತು. ಕಬ್ಬಿಣದ ಬಣ್ಣ ಎಂದೋ ಹೋಗಿ ಹುಣಸೇ ಬೀಜದ ಬಣ್ಣಕ್ಕೆ ತಿರುಗಿತ್ತು. ಹಿಡಿಯ ಬಿರುಕಿಗೆ ತಾಮ್ರದ ತಂತಿ ಸುತ್ತಿದ್ದರು. ಪಟೇಲಿಕೆ ಹೋಯಿತು, ಪಟೇಲನೂ ಹೋದ, ಲೈಸೆನ್ಸು ಮಾತ್ರ ಮಗನ ಹೆಸರಿಗೆ ಬಂದು ವರ್ಷ ವರ್ಷಕ್ಕೆ ಮುದ್ರೆ ಒತ್ತಿಸಿಕೊಳ್ಳುತ್ತ ಉಳಿಯಿತು.

ದಿನಾ ಬೆಳಿಗ್ಗೆ ಅಂಕಯ್ಯ ಜಗಲಿಯ ಮೇಲೆ ಕೂತು ಅದನ್ನು ಮುರಿದು, ಗುಂಡುಗಳನ್ನು ತೆಗೆದು, ಹಳೇ ಪಂಚೆಯ ತುಂಡಿನಿಂದ ಒಂದೊಂದನ್ನೂ ಒರೆಸಿ, ಮತ್ತೆ ತುಂಬಿ ಮುಚ್ಚುತ್ತಿದ್ದ. ಇದನ್ನು ಒಳಗೆ ಕೂತೂ ಮಾಡಬಹುದಿತ್ತು. ಆದರೆ ನೋಡುವವರಿಲ್ಲದ ಮೇಲೆ ಪಿಸ್ತೂಲು ಇದ್ದು ಏನು ಬಂತು? ಆಯುಧಪೂಜೆಯ ದಿನ ಕುಡುಗೋಲು, ನೇಗಿಲು, ಪಂಪ್‌ಸೆಟ್ಟುಗಳ ನಡುವೆ ಅದಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂವು ಮುಡಿಸಿದರೆ ಅರ್ಧ ಊರು ಬಂದು ನೋಡಿ ಹೋಗುತ್ತಿತ್ತು. ಹಾರಿಸಿದ ಕಥೆ ಕೇಳಿದರೆ ಮಾತ್ರ ಅಂಕಯ್ಯ ಮಾತು ತೇಲಿಸುತ್ತಿದ್ದ. ಅವನ ಕಾಲದಲ್ಲಿ ಅದು ಹಾರಿದ್ದು ಒಂದೇ ಸಲ, ಕಡಲೆಕಾಯಿ ಹೊಲಕ್ಕೆ ನುಗ್ಗಿದ ಹಂದಿಯ ಮೇಲೆ. ಹಂದಿ ಕಡಲೆಕಾಯಿ ತಿಂದು ನಿಧಾನವಾಗಿ ಹೊರಟುಹೋಯಿತು, ಗುಂಡು ತೆಂಗಿನ ಮರಕ್ಕೆ ಹೊಕ್ಕಿತು. ಹೆಂಡತಿ ಸಿದ್ದಮ್ಮ ಆ ತೂತನ್ನು ತೋರಿಸಿ, "ಇದ್ರ ಬದ್ಲು ಒಂದು ನಾಯಿ ಸಾಕಿದ್ರೆ ಬೊಗಳಾದ್ರೂ ಬೊಗಳೋದು" ಎಂದು ನಗುತ್ತಿದ್ದಳು.

ಆ ನಗು ನಿಂತದ್ದು ಬಿಡದಿ ಕಡೆಯಿಂದ ಕಾರ್ಖಾನೆಗಳು ಮೈಸೂರು ರಸ್ತೆಯ ಇಕ್ಕೆಲದಲ್ಲೂ ಹಬ್ಬಿಕೊಂಡು ಬಂದ ಮೇಲೆ. ಹುಣಸೇಕೊಪ್ಪಲು ಹೆದ್ದಾರಿಯಿಂದ ಎರಡು ಮೈಲಿ ಒಳಗಿತ್ತು, ಅಷ್ಟು ದೂರ ಬರಲಾರರು ಎಂದು ಎಲ್ಲರೂ ಅಂದುಕೊಂಡಿದ್ದರು. ಬಂದರು. ಮೊದಲು ಅಳತೆಯ ಸರಪಳಿ ಬಂತು, ಆಮೇಲೆ ಬಿಳಿ ಜೀಪು ಬಂತು, ಜೀಪಿನಿಂದ ಬಾಲರಾಜು ಇಳಿದ. ಕನಕಪುರದ ಕಡೆಯವನು, ಶೆಡ್ಡುಗಳ ಲೇಔಟು ಮಾಡುವವರ ಏಜೆಂಟು. ಮಾತು ಬೆಣ್ಣೆ. ಎದುರಿಗೆ ಯಾರ ಮೇಲೂ ಕೈ ಮಾಡಿದವನಲ್ಲ. ಆದರೆ ಕೊಡುವುದಿಲ್ಲ ಎಂದವರ ಮೋಟಾರು ಬಾವಿಯಿಂದ ಮಾಯವಾಗುತ್ತಿತ್ತು, ಹುಲ್ಲಿನ ಬಣವೆಗೆ ಬೆಂಕಿ ಬೀಳುತ್ತಿತ್ತು, ಬದುವಿನ ಕಲ್ಲು ತಾನಾಗಿಯೇ ನಡೆದು ಹತ್ತು ಅಡಿ ಆಚೆ ಹೋಗಿ ನಿಲ್ಲುತ್ತಿತ್ತು. ಮೂರು ವರ್ಷದಲ್ಲಿ ಕೆರೆಯ ಕೆಳಗಿನ ಹೊಲಗಳೆಲ್ಲ ಕೈ ಬದಲಾದವು.

ಉಳಿದವು ಎರಡೇ. ಅಂಕಯ್ಯನ ಮೂರು ಎಕರೆ, ಅದಕ್ಕೆ ಅಂಟಿಕೊಂಡ ದಾಸಪ್ಪನ ಒಂದೂವರೆ ಎಕರೆ. ದಾಸಪ್ಪನ ಹಿಪ್ಪುನೇರಳೆ ತೋಟದ ನಟ್ಟನಡುವೆ ಲೇಔಟಿನ ರಸ್ತೆ ಹಾಯಬೇಕಿತ್ತು. ನೀರಿನ ಬಾವಿ ಇಬ್ಬರಿಗೂ ಒಂದೇ, ಅದೂ ದಾಸಪ್ಪನ ಬದುವಿನ ಮೇಲೆ. ಅವನು ಮಾರಿದರೆ ಅಂಕಯ್ಯನ ಭೂಮಿಗೆ ನೀರೂ ಇಲ್ಲ, ದಾರಿಯೂ ಇಲ್ಲ. ಅದಕ್ಕೇ ಅಂಕಯ್ಯ ಸಿಕ್ಕಾಗಲೆಲ್ಲ ಅವನಿಗೆ ಧೈರ್ಯ ತುಂಬುತ್ತಿದ್ದ. ಧೈರ್ಯ ತುಂಬುವುದೂ ಸುಲಭದ ಕೆಲಸವಾಗಿರಲಿಲ್ಲ, ಯಾಕೆಂದರೆ ದಾಸಪ್ಪನಷ್ಟು ಅಂಜುಬುರುಕ ಆ ಹೋಬಳಿಯಲ್ಲೇ ಇರಲಿಲ್ಲ. ಪೊಲೀಸರ ಟೋಪಿ ಕಂಡರೆ ಬೀಡಿ ಬಿಸಾಡುವವನು. ಬಸ್ಸಿನಲ್ಲಿ ಕಂಡಕ್ಟರು ಗದರಿದರೆ ಕೂತ ಸೀಟು ಬಿಟ್ಟು ಎದ್ದು ನಿಲ್ಲುವವನು. ಎರಡು ಹೆಣ್ಣು ಮಕ್ಕಳ ತಂದೆ, ಸೊಪ್ಪು, ಹುಳುಮನೆ, ಎರಡು ಹಸು, ಇಷ್ಟೇ ಅವನ ಲೋಕ.

"ನೀನಿರಗಂಟ ನಾನು ಮಾರಕಿಲ್ಲ ಕಣಣ್ಣೋ," ಎನ್ನುತ್ತಿದ್ದ ದಾಸಪ್ಪ. ಹಾಗೆನ್ನುವಾಗ ಅವನ ಕಣ್ಣು ಅಂಕಯ್ಯನ ಮುಖ ನೋಡುತ್ತಿರಲಿಲ್ಲ, ಉಬ್ಬು ನೋಡುತ್ತಿತ್ತು. ಎದುರು ಮನೆಯವನಾದ್ದರಿಂದ ಬೆಳಿಗ್ಗೆಯ ಆ ಟಕ್ ಸದ್ದು ಕೇಳಿದ ಮೇಲೇ ಅವನು ಹಾಲು ಕರೆಯಲು ಕೂರುತ್ತಿದ್ದ.

ಇವರಿಬ್ಬರ ಮೋಟಾರು ಕಳುವಾಗಲಿಲ್ಲ, ಬಣವೆಗೆ ಬೆಂಕಿ ಬೀಳಲಿಲ್ಲ, ಕಲ್ಲು ನಡೆಯಲಿಲ್ಲ. ಬಾಲರಾಜು ಎದುರಾದರೆ, "ನಮಸ್ಕಾರ ಗೌಡ್ರೆ" ಎಂದು ಜೀಪು ನಿಲ್ಲಿಸಿ ಕೈ ಮುಗಿಯುತ್ತಿದ್ದ. ಅವನ ಕಣ್ಣೂ ಒಮ್ಮೆ ಆ ಎಡಗಡೆಗೆ ಹೋಗಿ ಬರುತ್ತಿತ್ತು. ಅಂಕಯ್ಯನಿಗೆ ಆ ನೋಟ ರುಚಿಸುತ್ತಿತ್ತು. ಪಟೇಲಿಕೆ ತಿರುಗಿ ಬಂದಷ್ಟು ಖುಷಿ.

ಅವನಿಗೆ ಹೆದರಿಕೆ ಇದ್ದದ್ದು ಒಂದಕ್ಕೇ, ಚುನಾವಣೆಗೆ. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕು ಪಿಸ್ತೂಲುಗಳನ್ನೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು, ಫಲಿತಾಂಶ ಬಂದ ಮೇಲೆ ಬಿಡಿಸಿಕೊಳ್ಳಬೇಕು. ಎರಡು ಸಾವಿರದ ನಾಲ್ಕರ ಚುನಾವಣೆಯಲ್ಲಿ ಅವನು ಹಾಗೇ ಎಲ್ಲರೆದುರು ಠಾಣೆಗೆ ಕೊಟ್ಟು ಬರಿಯ ಸೊಂಟದಲ್ಲಿ ತಿರುಗಾಡಿದ್ದ. ಅದೇ ತಿಂಗಳು ಅವನ ಮನೆಯ ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಇನ್ನೇನು ಗೂಡು ಕಟ್ಟುವ ಹೊತ್ತಿಗೆ, ಹಸಿರು ಕಕ್ಕಿಕೊಂಡು ಸತ್ತವು. ತಟ್ಟೆ ತಟ್ಟೆ ಹುಳುಗಳನ್ನು ತಿಪ್ಪೆಗೆ ಸುರಿಯಬೇಕಾಯಿತು. ಸೊಪ್ಪಿಗೆ ಯಾರೋ ವಿಷ ಹೊಡೆದಿದ್ದಾರೆ ಎಂದು ಅಂಕಯ್ಯ ಕೂಗಾಡಿದ. ಪಕ್ಕದ ಟೊಮೇಟೊ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಬಂದಿದೆ ಎಂದು ಸಿದ್ದಮ್ಮ ಹೇಳಿದಳು. ಅವಳು ಹೇಳಿದ್ದೇ ನಿಜವಿದ್ದೀತು, ಆಗಿನ್ನೂ ಬಾಲರಾಜು ಯಾರು ಎಂದು ಊರಿಗೆ ಗೊತ್ತೂ ಇರಲಿಲ್ಲ. ಆದರೆ ಅಂಕಯ್ಯನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತು: ಸೊಂಟ ಬರಿದಾದರೆ ಮನೆ ಬರಿದಾಗುತ್ತದೆ.

ಎರಡು ಸಾವಿರದ ಎಂಟರಲ್ಲಿ ಮತ್ತೆ ಠಾಣೆಯಿಂದ ನೋಟೀಸು ಬಂತು. ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ಅಂಕಯ್ಯ ಹೊಸ ಜಿಲ್ಲಾ ಕಚೇರಿಗೆ ಹೋಗಿ, ತನಗೆ ಜೀವ ಬೆದರಿಕೆ ಇದೆ, ವಿನಾಯಿತಿ ಕೊಡಿ ಎಂದು ಅರ್ಜಿ ಹಾಕಿದ. ಎರಡು ವಾರ ಅಲೆದ ಮೇಲೆ, ಆಗುವುದಿಲ್ಲ, ಒಪ್ಪಿಸಿ ಎಂಬ ಉತ್ತರ ಬಂತು. ಅವನು ಆ ಮಾತನ್ನು ಊರಿಗೆ ತರಲಿಲ್ಲ. ಬಸ್ಸು ಹತ್ತಿ ನೇರ ಚನ್ನಪಟ್ಟಣಕ್ಕೆ ಹೋದ.

ಅಲ್ಲಿ ಮುನಾವರ್ ಎಂಬ ಗೊಂಬೆ ಕೆಲಸದವನ ಅಂಗಡಿಯಿತ್ತು. ಅಂಕಯ್ಯನ ಮಗಳ ಮಕ್ಕಳಿಗೆ ಬುಗುರಿ, ಗಿಲಕಿ ಮಾಡಿಕೊಟ್ಟವನು ಅವನೇ. ಅಂಕಯ್ಯ ಬಾಗಿಲು ಮುಂದೆ ಮಾಡಿ, ಪಿಸ್ತೂಲನ್ನು ತೆಗೆದು, ಗುಂಡು ಖಾಲಿ ಮಾಡಿ ಅವನ ಮುಂದಿಟ್ಟ. ಇದರ ಹಾಗೇ ಒಂದು ಮರದ್ದು ಬೇಕು ಎಂದ.

ಮುನಾವರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಯಾರಿಗೆ ಗೌಡ್ರೆ?"

"ನಾಟಕಕ್ಕೆ. ಊರಾಗೆ ಆಡ್ತಾವ್ರೆ."

"ನಳಿಗೆ, ಗುಂಡು ಕೂರೋದು, ಹಿಡಿ, ಮೂರೂ ಬೇರೆ ಬೇರೆ ಮಾಡಿ ಅಂಟಿಸ್ತೀನಿ. ಇದು ಮುರಿತದಲ್ಲ, ಹಂಗೆ ಮುರಿಯಕ್ಕೆ ಆಗಲ್ಲ, ಮರ ಸೀಳ್ತದೆ."

"ಮುರೀದಿದ್ರೆ ಪರವಾಗಿಲ್ಲ. ನೋಡಕ್ಕೆ ಹಿಂಗೇ ಇರ್ಲಿ."

ಮುನಾವರ್ ಅಳತೆ ತೆಗೆದುಕೊಂಡು ಪಿಸ್ತೂಲನ್ನು ಹಿಂದಕ್ಕೆ ಕೊಟ್ಟ. ಎರಡು ದಿನ ಬಿಟ್ಟು ಹೋದಾಗ ಕೆಲಸ ಮುಗಿದಿತ್ತು. ಗೊಂಬೆಗೆ ಬಳಸುವ ಆಲೆ ಮರದಲ್ಲಿ ಕಡೆದು, ಕಪ್ಪು ಅರಗು ಹಿಡಿಸಿ, ಹೊಳಪು ಬಾರದಂತೆ ತಿಕ್ಕಿದ್ದ. ಬಿರುಕಿನ ಜಾಗಕ್ಕೆ ತಾಮ್ರದ ತಂತಿಯನ್ನೂ ಸುತ್ತಿದ್ದ. ಎರಡನ್ನೂ ಚಾಪೆಯ ಮೇಲೆ ಇಟ್ಟಾಗ ಅಂಕಯ್ಯನೇ ಒಂದು ಗಳಿಗೆ ತಡಬಡಾಯಿಸಿದ. ಕೈಗೆತ್ತಿಕೊಂಡಾಗಷ್ಟೇ ಗೊತ್ತಾಯಿತು.

"ಭಾಳ ಹಗುರ ಆಯ್ತು ಗೌಡ್ರೆ," ಎಂದ ಮುನಾವರ್, ತನ್ನ ಕೆಲಸದಲ್ಲಿ ತಾನೇ ಕೊರತೆ ಕಂಡವನಂತೆ. "ನಳಿಗೆ ಒಳಗೆ ಸೀಸ ಹುಯ್ದು ಕೊಡ್ಲಾ? ತೂಕ ಸರಿಯಾಗ್ತದೆ. ಸಂಜೆ ತಂಕ ಕಾಯಬೇಕು ಅಷ್ಟೇ."

"ಬ್ಯಾಡ ಬುಡು. ಅದನ್ನ ಎತ್ತಿ ನೋಡೋರು ಯಾರವ್ರೆ?" ಎಂದ ಅಂಕಯ್ಯ.

ಅಲ್ಲಿಂದ ಠಾಣೆಗೆ ಹೋಗಿ ನಿಜವಾದದ್ದನ್ನು ಒಪ್ಪಿಸಿದ. ಪೇದೆ ಅದನ್ನು ಮುರಿದು, ಖಾಲಿ ಇರುವುದನ್ನು ನೋಡಿ, ನಂಬರು ಬರೆದುಕೊಂಡು ರಸೀದಿ ಹರಿದುಕೊಟ್ಟ. ಅಂಕಯ್ಯ ರಸೀದಿಯನ್ನು ಹಸಿರು ಬೆಲ್ಟಿನ ಒಳಜೇಬಿಗೆ ಸೇರಿಸಿ, ಮರದ್ದನ್ನು ಸೊಂಟಕ್ಕೆ ಸಿಕ್ಕಿಸಿ, ಸಂಜೆಯ ಬಸ್ಸಿಗೆ ಊರಿಗೆ ಬಂದು ಇಳಿದ. ಅರಳೀಕಟ್ಟೆಯ ಮೇಲೆ ಕೂತವರಿಗೆ ಕೇಳುವ ಹಾಗೆ, "ಡೀಸಿ ಆಫೀಸ್ನಾಗೆ ವಿನಾಯಿತಿ ಸಿಕ್ತು ಕಣ್ರಪ್ಪ" ಎಂದ. ಮಾರನೆಯ ದಿನವೇ ಆ ಮಾತು ಬಾಲರಾಜುವಿನ ಕಿವಿಗೂ ಬಿತ್ತು. ಅವನು ಎಂದಿನಂತೆ ಕೈ ಮುಗಿದು ಜೀಪು ಮುಂದಕ್ಕೆ ಬಿಟ್ಟ.

ಸಿದ್ದಮ್ಮನಿಗೆ ಅದು ತಿಳಿದದ್ದು, ಅವನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಬೆಲ್ಟಿನ ಜೊತೆ ಪಿಸ್ತೂಲನ್ನೂ ಎತ್ತಿಡಲು ಹೋಗಿ ಅದರ ಹಗುರ ಕೈಗೆ ಹತ್ತಿದಾಗ. ಅವಳು ನಗಲಿಲ್ಲ. "ಊರ್ಗೆ ಸುಳ್ಳು ಯೋಳಿದ್ದು ಆಯ್ತು. ದಾಸಪ್ಪಂಗಾದ್ರೂ ನಿಜ ಯೋಳಿ. ಅವ್ನು ಅದನ್ನ ನಂಬ್ಕೊಂಡು ಕೂತವ್ನೆ."

"ಅವಂಗೆ ಯೋಳಿದ್ರೆ ಅವ್ನ ಮೊಕ ನೋಡೇ ಬಾಲರಾಜು ತಿಳ್ಕೊಂಬುಡ್ತಾನೆ. ಒಂದು ತಿಂಗ್ಳು ಕಣಮ್ಮಿ, ಬಾಯ್ಮುಚ್ಕೊಂಡಿರು."

ದಾಸಪ್ಪನೇ ಒಂದು ದಿನ ಹಾಲಿನ ತಂಬಿಗೆ ಹಿಡಿದು ಬಂದು ಕೇಳಿದ. "ಯಾಕಣ್ಣ, ಬೆಳಿಗ್ಗೆ ಸದ್ದೇ ಇಲ್ವಲ್ಲ?"

ಹೇಳುವುದಿದ್ದರೆ ಅದೇ ಹೊತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ, ಜಗಲಿಯ ಮೇಲೆ ಇಬ್ಬರೇ. ಅಂಕಯ್ಯನ ಬಾಯಿಗೆ ಮಾತು ಬಂದೂ ಇತ್ತು. ಆದರೆ ಪಟೇಲನ ಮಗ ಮರದ ಪಿಸ್ತೂಲು ಸಿಕ್ಕಿಸಿಕೊಂಡು ತಿರುಗುತ್ತಿದ್ದಾನೆ ಎಂದು ಒಬ್ಬ ಪುಕ್ಕಲನ ಎದುರು ಒಪ್ಪಿಕೊಳ್ಳುವುದು ಹೇಗೆ? "ವಿನಾಯಿತಿ ಕೊಡ್ಬೇಕಾದ್ರೆ ಕಂಡೀಷನ್ನು ಹಾಕವ್ರೆ ಕಣ್ಲಾ. ಎಲೆಕ್ಷನ್ ಮುಗಿಯಗಂಟ ಹೊರಗೆ ತೆಗೆಯಂಗಿಲ್ಲ," ಎಂದುಬಿಟ್ಟ. ದಾಸಪ್ಪ ತಲೆಯಾಡಿಸಿ, "ಇದ್ರೆ ಸಾಕು ಬುಡಣ್ಣ" ಎಂದು ಹಾಲು ಹಾಕಿ ಹೋದ. ಅವನು ಅಷ್ಟು ಸುಲಭವಾಗಿ ನಂಬಿದ್ದು ಅಂಕಯ್ಯನಿಗೆ ಆಗ ಸಮಾಧಾನ ತಂದಿತು.

ಮತದಾನಕ್ಕೆ ಇನ್ನು ಹನ್ನೆರಡು ದಿನ ಇತ್ತು. ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ದಾಸಪ್ಪ ಓಡೋಡಿ ಬಂದ. ಅವನ ತೋಟದ ಬದುವಿಗೆ ಜೆಸಿಬಿ ಬಂದು ನಿಂತಿತ್ತು. ಅಧಿಕಾರಿಗಳೆಲ್ಲ ಚುನಾವಣೆಯ ಗಡಿಬಿಡಿಯಲ್ಲಿರುವಾಗ ರಸ್ತೆ ಎಳೆದುಬಿಡುವುದು ಬಾಲರಾಜುವಿನ ಲೆಕ್ಕ. "ಬಾರಣ್ಣ, ಬ್ಯಾಗ ಬಾ. ನೀನು ಬಂದು ನಿಂತ್ಕೋ ಸಾಕು."

ಅಂಕಯ್ಯ ಹೋದ. ಹೋಗದೆ ಇರುವ ದಾರಿ ಅವನಿಗೆ ಹೊಳೆಯಲಿಲ್ಲ. ತೋಟದಲ್ಲಿ ದಾಸಪ್ಪನ ಹೆಂಡತಿ ಬೋರಮ್ಮ ಸೊಪ್ಪು ಕೊಯ್ಯುತ್ತಿದ್ದವಳು ಕುಡುಗೋಲು ಹಿಡಿದು ಸಾಲಿನ ನಡುವೆ ನಿಂತಿದ್ದಳು. ಬದುವಿನ ಮೇಲೆ ಬಾಲರಾಜು, ಅವನ ಹಿಂದೆ ಮೂವರು. ಅಂಕಯ್ಯ ಎಂದಿನಂತೆ ನಿಧಾನವಾಗಿ ನಡೆದು ಬಂದು, ಬಲಗೈಯನ್ನು ಅಂಗಿಯೊಳಗೆ ತೂರಿಸಿ, ಹಿಡಿಯ ಮೇಲೆ ಇಟ್ಟುಕೊಂಡು ನಿಂತ.

ನಿಂತದ್ದೇ ಸಾಕಾಯಿತು. ಜೆಸಿಬಿಯ ಡ್ರೈವರು ಎಂಜಿನ್ನು ಆರಿಸಿದ. ಬಾಲರಾಜು ಎರಡು ಹೆಜ್ಜೆ ಹಿಂದಕ್ಕೆ ಸರಿದು ಕೈ ಮುಗಿದ. "ಯಾಕ್ ಗೌಡ್ರೆ ಅಷ್ಟು ದೂರ ಹೋಗ್ತೀರಿ? ಎಲೆಕ್ಷನ್ ಕಳೀಲಿ. ಕೂತ್ಕೊಂಡು ಮಾತಾಡುಮ." ತನ್ನವರಿಗೆ ಹೊರಡಿ ಎಂದು ಸನ್ನೆ ಮಾಡಿ ಜೀಪಿನ ಕಡೆ ತಿರುಗಿದ.

ಅಲ್ಲಿಗೆ ಮುಗಿಯಬೇಕಿತ್ತು. ಮರ ತನ್ನ ಕೆಲಸ ಮಾಡಿ ಮುಗಿಸಿತ್ತು. ಆದರೆ ದಾಸಪ್ಪನೊಳಗೆ ಮೂರು ವರ್ಷದ ಹೆದರಿಕೆ ತುಂಬಿಕೊಂಡಿತ್ತು, ಹುಟ್ಟಿದಾಗಿನಿಂದ ತುಂಬಿಕೊಂಡದ್ದೂ ಇತ್ತು. ಬೆನ್ನು ತೋರಿಸಿ ಹೋಗುತ್ತಿರುವ ಬಾಲರಾಜುವನ್ನು ಕಂಡದ್ದೇ ಅವನು ಓಡಿಹೋಗಿ ಕೊರಳಪಟ್ಟಿ ಹಿಡಿದ. ಯಾರ ಮುಂದೆಯೂ ದನಿ ಎತ್ತದವನು, "ಎಲೆಕ್ಷನ್ ಯಾಕ್ಲಾ ಕಳೀಬೇಕು? ಈಗ್ಲೇ ಮಾತಾಡ್ಲಾ!" ಎಂದು ಕೂಗಿ ಕೆನ್ನೆಗೆ ಒಂದು ಬಿಟ್ಟ. ಆಮೇಲೆ ಅಂಕಯ್ಯನ ಕಡೆ ತಿರುಗಿದ. ಅವನ ಮುಖದಲ್ಲಿ ಎಂಥ ಸಂತೋಷ!

"ತೆಗಿಯಣ್ಣ! ಒಂದ್ಸಲ ಮುರುದು ತೋರ್ಸು ಈ ನನ್ಮಕ್ಕಳಿಗೆ, ಆರು ಗುಂಡುವೆ ತೋರ್ಸು!"

ಎಲ್ಲರೂ ಅಂಕಯ್ಯನನ್ನು ನೋಡಿದರು. ಅವನ ಕೈ ಅಂಗಿಯೊಳಗೇ ಇತ್ತು. ತೆಗೆದರೆ ಹಗಲು ಬೆಳಕಿಗೆ ಅರಗು ಕಾಣುತ್ತದೆ. ಮುರಿಯಲು ಅದು ಮುರಿಯುವುದಿಲ್ಲ. ಒಂದು ಉಸಿರು ಹೋಯಿತು, ಎರಡು ಹೋದವು. ಬಾಲರಾಜು ಮೂರು ವರ್ಷದಿಂದ ಆ ಸೊಂಟವನ್ನೇ ನೋಡಿಕೊಂಡು ಬಂದವನು, ಅವನಿಗೆ ಈ ನಿಧಾನ ಹೊಸದಾಗಿ ಕಂಡಿತು.

"ತೆಗೀರಿ ಗೌಡ್ರೆ," ಎಂದ ಮೆಲ್ಲಗೆ. "ಅವ್ನು ಕೇಳ್ತಾವ್ನಲ್ಲ, ತೆಗೀರಿ."

ಅಂಕಯ್ಯ ತೆಗೆಯಲಿಲ್ಲ. ಬಾಲರಾಜುವಿನ ಹಿಂದಿದ್ದವರಲ್ಲಿ ಒಬ್ಬ ಜೀಪಿನ ಸೀಟಿನ ಕೆಳಗಿಂದ ಮಚ್ಚು ಎಳೆದ.

ದಾಸಪ್ಪನಿಗೂ ಅಂಕಯ್ಯನಿಗೂ ನಡುವೆ ಇದ್ದದ್ದು ನಾಲ್ಕು ಹೆಜ್ಜೆ. ಕೈ ಬಿಡಿಸಿಕೊಂಡು ಹಾರಿದ್ದರೆ ಅವನನ್ನು ಆಚೆ ತಳ್ಳಬಹುದಿತ್ತು, ಓಡೋ ಎಂದು ಕೂಗಬಹುದಿತ್ತು, ಏನಾದರೂ ಮಾಡಬಹುದಿತ್ತು. ಅಂಕಯ್ಯನ ಕೈ ಆ ಮರವನ್ನು ಬಿಡಲೇ ಇಲ್ಲ, ಅದನ್ನು ಮುಚ್ಚಿಕೊಂಡೇ ಇತ್ತು. ಮೊದಲ ಏಟು ದಾಸಪ್ಪನ ಹೆಗಲಿಗೆ ಬಿತ್ತು, ಎರಡನೆಯದು ಕುತ್ತಿಗೆಗೆ. ಬೋರಮ್ಮನ ಕಿರುಚಾಟ ಕೇಳಿದ ಮೇಲೇ ಅಂಕಯ್ಯನ ಕಾಲು ನೆಲ ಬಿಟ್ಟು ಎದ್ದದ್ದು. ಅಷ್ಟರಲ್ಲಿ ಜೀಪು ಹೊರಟುಹೋಗಿತ್ತು.

ಟ್ರಾಕ್ಟರಿನ ಟ್ರೈಲರಿನಲ್ಲಿ ದಾಸಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಕಯ್ಯ ಚನ್ನಪಟ್ಟಣದ ದಾರಿ ಹಿಡಿದ. ದಾಸಪ್ಪನ ಕಣ್ಣು ತೆರೆದೇ ಇತ್ತು. ಅದು ಅಂಕಯ್ಯನ ಮುಖ ನೋಡಲಿಲ್ಲ, ಅಂಗಿಯ ಎಡಗಡೆಯನ್ನೇ ನೋಡುತ್ತಿತ್ತು. ಏನೋ ಕೇಳಬೇಕು ಎಂಬಂತೆ ತುಟಿ ಎರಡು ಸಲ ಆಡಿತು. ಆಸ್ಪತ್ರೆ ಸಿಗುವ ಮೊದಲೇ ಅವನು ಹೋಗಿಬಿಟ್ಟ.

ಪೊಲೀಸರು ಬಂದರು, ಹೇಳಿಕೆ ಬರೆದುಕೊಂಡರು. ಮಚ್ಚು ಬೀಸಿದವನು ನಾಲ್ಕು ದಿನಕ್ಕೆ ಸಿಕ್ಕಿದ, ಬಾಲರಾಜು ಸಿಗಲಿಲ್ಲ. ನಿಮ್ಮ ರಿವಾಲ್ವರು ನಮ್ಮ ಬೀರುವಿನಲ್ಲೇ ಇದೆಯಲ್ಲ ಎಂದು ಅಧಿಕಾರಿಯೇ ಹೇಳಿ, ಸಾಕ್ಷಿಯ ಬಳಿ ಆಯುಧ ಇರಲಿಲ್ಲ ಎಂದು ಒಂದು ಸಾಲು ಬರೆದುಕೊಂಡ. ಆ ಸಾಲು ಫೈಲಿನಲ್ಲಿ ಉಳಿಯಿತು, ಊರಿಗೆ ಬರಲಿಲ್ಲ. ಊರು ತನ್ನದೇ ಹೇಳಿಕೆ ಬರೆದುಕೊಂಡಿತ್ತು. ಸೊಂಟದಲ್ಲಿ ಪಿಸ್ತೂಲು ಇತ್ತು, ಕೈ ಅದರ ಮೇಲೇ ಇತ್ತು, ಆದರೂ ತೆಗೆಯಲಿಲ್ಲ. ಮೊದಲೆರಡು ದಿನ ಹೇಡಿ ಅಂದರು. ಆಮೇಲೆ ಯಾರೋ ಒಬ್ಬರು, ಅಂಕಯ್ಯನನ್ನು ಲೇಔಟಿನವರು ಕೊಂಡುಕೊಂಡಿದ್ದಾರೆ ಎಂದರು. ಅದೇ ಎಲ್ಲರಿಗೂ ಸರಿ ಕಂಡಿತು. ಅವನು ಟೀ ಅಂಗಡಿಯ ಬೆಂಚಿನಲ್ಲಿ ಕೂತರೆ ಬೆಂಚು ಖಾಲಿಯಾಗತೊಡಗಿತು.

ಸಿದ್ದಮ್ಮ ಅವನನ್ನು ಬೈಯಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. ಒಂದು ಮಾತು ಅಂದಳು: "ಕೊಡಿ ಇಲ್ಲಿ, ಒಲೆಗೆ ಆಕ್ತೀನಿ. ಎದುರು ಮನೆಗೋಗಿ ಇದ್ದದ್ದು ಇದ್ದಂಗೆ ಯೋಳ್ಬುಡಿ." ಅವನು ಕೊಡಲಿಲ್ಲ. ಮರದ ಪಿಸ್ತೂಲು ಇನ್ನೂ ಅವನ ಸೊಂಟದಲ್ಲೇ ಇತ್ತು. ಹೇಡಿ ಅಂದರೆ ತಡೆದುಕೊಳ್ಳಬಹುದು, ಮಾರಿಕೊಂಡ ಅಂದರೂ ಹೇಗೋ ತಡೆದುಕೊಳ್ಳಬಹುದು, ಆದರೆ ಇದು ಗೊತ್ತಾದರೆ ಊರು ನಗುತ್ತದೆ. ಎದುರು ಮನೆಯಲ್ಲಿ ಹೆಣ್ಣು ಮಕ್ಕಳು ಅಳುವುದು ಕೇಳುತ್ತಿರುವಾಗಲೂ ಅವನ ತಲೆಯಲ್ಲಿ ತಿರುಗುತ್ತಿದ್ದದ್ದು ಇದೇ. ನಾಚಿಕೆ ಮನುಷ್ಯನನ್ನು ಎಷ್ಟು ಕೆಳಕ್ಕೆ ಇಳಿಸುತ್ತದೋ.

ಹನ್ನೊಂದನೆಯ ದಿನ ತಿಥಿ. ದಾಸಪ್ಪನ ಮನೆಯ ಮುಂದೆ ಚಪ್ಪರ ಹಾಕಿ ಊರಿಗೆಲ್ಲ ಊಟ ಇಟ್ಟಿದ್ದರು. ನಡುಮನೆಯಲ್ಲಿ ಫೋಟೋ, ಅದರ ಮುಂದೆ ಬಾಳೆಲೆಯ ಮೇಲೆ ಎಡೆ. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಆ ಎಲೆಯ ಮೇಲೆ ಇಡಬೇಕು. ಕಜ್ಜಾಯ, ಅವರೆಕಾಳಿನ ಸಾರು, ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಒಂದು ಲೋಟ ಗಟ್ಟಿ ಹಾಲು. ಅಂಕಯ್ಯ ಕೈ ಮುಗಿದು ಬಂದು ಪಂಕ್ತಿಯಲ್ಲಿ ಕೂತ. ಅವನ ಎರಡೂ ಪಕ್ಕದ ಎಲೆಗಳ ಮುಂದೆ ಯಾರೂ ಕೂರಲಿಲ್ಲ. ಬಡಿಸುವವರು ಅವನ ಎಲೆಗೆ ಅನ್ನ ಹಾಕಿ ಮುಖ ನೋಡದೆ ಮುಂದೆ ಹೋದರು.

"ಬಾವ, ಒಸಿ ಬನ್ನಿ ಇಲ್ಲಿ."

ಬಾಗಿಲಿನಲ್ಲಿ ಬೋರಮ್ಮ ನಿಂತಿದ್ದಳು. ಚಪ್ಪರದ ಕೆಳಗಿದ್ದವರೆಲ್ಲ ಆ ಕಡೆ ತಿರುಗಿದರು. ಅಂಕಯ್ಯ ಎದ್ದು ನಡುಮನೆಗೆ ಹೋಗಿ ಅವಳ ಎದುರು ನಿಂತ. ತೆರೆದ ಬಾಗಿಲಿನಿಂದ ಇಡೀ ಪಂಕ್ತಿಗೆ ಇಬ್ಬರೂ ಕಾಣುತ್ತಿದ್ದರು.

"ನಾನು ಅವತ್ತು ಸಾಲ್ನಾಗೇ ನಿಂತಿದ್ದೆ," ಎಂದಳು ಬೋರಮ್ಮ. ಅತ್ತು ಅತ್ತು ದನಿ ಒಡೆದಿತ್ತು. "ನಿಮ್ ಕೈ ಒಳಗೇ ಇತ್ತು. ಇವ್ರು ಬಾಯ್ಬುಟ್ಟು ಕೇಳುದ್ರು. ಯಾಕ್ ತೆಗೀಲಿಲ್ಲ ಬಾವ? ನಿಮ್ಮನ್ನ ಅವ್ರು ಕೊಂಡ್ಕಂಡವ್ರೆ ಅಂತ ಊರೆಲ್ಲ ಅಂತೈತೆ. ನಾನು ನಂಬ್ಲಿಲ್ಲ. ನಿಮ್ ಬಾಯಲ್ಲೇ ಯೋಳಿ, ಯಾಕ್ ತೆಗೀಲಿಲ್ಲ?"

ಇವಳೊಬ್ಬಳು ತನ್ನನ್ನು ನಂಬಿದ್ದಾಳೆ ಎಂಬುದು ಅಂಕಯ್ಯನಿಗೆ ಗೊತ್ತಿರಲಿಲ್ಲ. ಅವನು ಹನ್ನೊಂದು ದಿನ ಕಾಪಾಡಿಕೊಂಡದ್ದೆಲ್ಲ ಆ ಒಂದು ಮಾತಿಗೆ ಕುಸಿಯಿತು. ಅಂಗಿಯ ಗುಂಡಿ ಬಿಚ್ಚಿ, ಸೊಂಟದಿಂದ ಅದನ್ನು ಎಳೆದು, ಅವಳ ಮುಂದೆ ಹಿಡಿದ. ಬೋರಮ್ಮ ಕಬ್ಬಿಣವೆಂದೇ ತಿಳಿದು, ಭಾರಕ್ಕೆ ಅಣಿಯಾಗಿ, ಎರಡೂ ಕೈಯನ್ನು ಕೆಳಗೆ ಒಡ್ಡಿ ತೆಗೆದುಕೊಂಡಳು. ಅವಳ ಕೈ ತಾನಾಗಿಯೇ ಮೇಲಕ್ಕೆ ಎದ್ದಿತು.

ಅವಳು ಅದನ್ನು ನೋಡಿದಳು. ಉಗುರಿನಿಂದ ನಳಿಗೆಯನ್ನು ಕೆರೆದಳು. ಅರಗು ಎದ್ದು ಒಳಗಿನ ಬಿಳಿ ಮರ ಕಂಡಿತು.

"ಅಸಲಿ ಠಾಣೆಯಾಗೈತೆ ಕಣವ್ವ," ಎಂದ ಅಂಕಯ್ಯ. "ಎಲೆಕ್ಷನ್ನಿಗೆ ಒಪ್ಪಿಸ್ಬುಟ್ಟಿದ್ದೆ."

"ಇವ್ರಿಗೆ ಗೊತ್ತಿತ್ತಾ?"

"ಇಲ್ಲ. ನಾನು ಯೋಳಲಿಲ್ಲ. ಕೇಳ್ದ, ಯೋಳಲಿಲ್ಲ."

ಬೋರಮ್ಮ ಕೂಗಾಡಲಿಲ್ಲ. ಗಂಡನ ಫೋಟೋ ಕಡೆ ನೋಡಿಕೊಂಡು, ಅವನ ಮೇಲೇ ದೂರು ಹೇಳುವವಳಂತೆ ಮಾತಾಡಿದಳು. "ಯೋಳಿದ್ರೆ ಅವತ್ತು ಮನೆ ಬುಟ್ಟೇ ಬತ್ತಿರ್ಲಿಲ್ಲ ಬಾವ. ಇವ್ರಿಗೆ ಭಾಳ ಬಯ. ಒಬ್ರೇ ಅಂದ್ರೆ ನಾಯಿ ಬೊಗಳುದ್ರೂ ಒಳೀಕೆ ಬಂದ್ಬುಡೋರು. ಎಲ್ಲಾನೂ ಬರ್ಕೊಟ್ಬುಟ್ಟು ಸುಮ್ಕೆ ಬದುಕ್ಕೊಂಡಿರೋರು."

ಊರು ನಗುತ್ತದೆ ಎಂದು ಅಂಕಯ್ಯ ಅಷ್ಟು ದಿನ ಹೆದರಿದ್ದ. ಚಪ್ಪರದ ಕೆಳಗೆ ಎಲ್ಲರೂ ಕೇಳಿಸಿಕೊಂಡಿದ್ದರು. ಯಾರೂ ನಗಲಿಲ್ಲ.

ಬೋರಮ್ಮ ಎಡೆಯ ಮುಂದೆ ಕೂತಳು. ಬೀಡಿಯ ಕಟ್ಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಎಲೆಯ ಮೇಲೆ ಜಾಗ ಮಾಡಿ, ಆ ಮರದ ಪಿಸ್ತೂಲನ್ನು ಅಲ್ಲಿ ಇಟ್ಟಳು.

"ಇಲ್ಲೇ ಇರ್ಲಿ ಬುಡಿ," ಎಂದಳು. "ಇವ್ರಿಗೆ ಇದಂದ್ರೆ ಭಾಳ ಇಷ್ಟ ಇತ್ತು."